ಅವನ ಮುಖದ ಮುಂದೆ ನಾನಿದ್ದೆ

ನಾನು ಒಂದು ಕ್ಯಾಮೆರಾ. ಫೋನಿನೊಳಗೆ ಅಡಗಿರುವ ಜಾತಿಯದಲ್ಲ. ಕುತ್ತಿಗೆಗೆ ಹಾಕಿಕೊಂಡರೆ ಹೆಗಲು ನೋಯುವಷ್ಟು ಭಾರ, ಮುಂದೆ ಲೆನ್ಸು, ಹಿಂದೆ ಕಣ್ಣಿಡುವ ಕಿಂಡಿ ಇರುವ ಜಾತಿ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಧೂಳಿರಲಿಲ್ಲ. ಬಿಳಿ ಗವಸು ತೊಟ್ಟ ಕೈಗಳು ನನ್ನೊಳಗೆ ಒಂದು ಪುಟ್ಟ ಕನ್ನಡಿಯನ್ನು ಕೂರಿಸಿದವು. ಲೆನ್ಸಿನಿಂದ ಬಂದ ಬೆಳಕನ್ನು ಆ ಕನ್ನಡಿ ಮೇಲಕ್ಕೆ, ಕಿಂಡಿಯ ಕಡೆಗೆ ಕಳಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಎದ್ದು ದಾರಿ ಬಿಡುತ್ತದೆ; ಚಿತ್ರ ನನ್ನೊಳಗೆ ಇಳಿಯುತ್ತದೆ. ಆ ಕ್ಷಣ ಕಿಂಡಿ ಕತ್ತಲು. ಚಿತ್ರ ತೆಗೆಯುವವರು ತಾವು ತೆಗೆದ ಗಳಿಗೆಯನ್ನು ತಾವು ನೋಡಿರುವುದಿಲ್ಲ.

ನನಗೊಂದು ಹುಟ್ಟುಗುಣವಿದೆ. ಎದುರಿಗೆ ಏನೇ ಇರಲಿ, ಅದು ಬೂದಿಬಣ್ಣದ್ದು ಎಂದು ತಿಳಿದು ಬೆಳಕು ಅಳೆಯುತ್ತೇನೆ. ಸುಣ್ಣದ ಗೋಡೆ ತೋರಿಸಿದರೆ ಬೆಳಕು ಹೆಚ್ಚಾಯಿತೆಂದು ಮಂಕು ಮಾಡುತ್ತೇನೆ. ಕರಿಯ ಕಂಬಳಿ ತೋರಿಸಿದರೆ ಕಡಿಮೆಯಾಯಿತೆಂದು ಬೆಳ್ಳಗೆ ಮಾಡುತ್ತೇನೆ. ಇದನ್ನು ಬಲ್ಲವರು ಒಂದು ಚಕ್ರ ತಿರುಗಿಸಿ ನನ್ನನ್ನು ತಿದ್ದುತ್ತಾರೆ. ತಿಳಿಯದವರು ಬೈಯುತ್ತಾರೆ.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಒಬ್ಬ ಹಲ್ಲಿನ ಡಾಕ್ಟರು. ಅವರು ಬೈದರು. ಮಡದಿಯನ್ನು ಕಿಟಕಿಯ ಮುಂದೆ ನಿಲ್ಲಿಸುವರು, ನಾನು ಕಿಟಕಿಯ ಬಿಸಿಲನ್ನು ಅಳೆಯುವೆ, ಆಕೆಯ ಮುಖ ಕಪ್ಪಾಗುವುದು.

“ನಾ ಇಷ್ಟು ಕರಿ ಇದ್ದೇನೇನ್ರೀ?” ಎಂದು ಆಕೆ ಕೇಳಿದರು.

“ನೀ ಅಲ್ಲ. ಇದರೊಳಗ ಏನೋ ದೋಷ ಅದ,” ಎಂದರು ಡಾಕ್ಟರು.

ದೋಷವಿರುವ ನಾನು ಎರಡು ವರ್ಷ ಅವರ ಕಪಾಟಿನಲ್ಲಿ ಕೂತೆ. ಆಮೇಲೆ ಒಂದು ಹಳೆಯ ಕ್ಯಾಮೆರಾಗಳ ಅಂಗಡಿಗೆ ಬಂದೆ.

ಅಲ್ಲಿ ನನ್ನನ್ನು ಎತ್ತಿಕೊಂಡವನು ಗುಳೇದಗುಡ್ಡದ ಮೌನೇಶ ಬಡಿಗೇರ. ತೆಳ್ಳಗಿದ್ದ. ದಪ್ಪ ಗಾಜಿನ ಕನ್ನಡಕ, ಚಿಕ್ಕಂದಿನಿಂದ ಇದ್ದದ್ದು. ಅದಿಲ್ಲದೆ ಹತ್ತಿರದ್ದು ಅವನಿಗೆ ಕಾಣುತ್ತಿರಲಿಲ್ಲ. ಕನ್ನಡಕವಿದ್ದರೆ ಕಿಂಡಿಗೆ ಕಣ್ಣು ಒತ್ತಿ ಇಡಲಾಗದು. ಆದ್ದರಿಂದ ಅವನು ಮೊದಲು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಸಿಕ್ಕಿಸಿದ. ಕಿಂಡಿಯ ಮಗ್ಗುಲಲ್ಲಿ ಗೋಧಿಕಾಳಿನಷ್ಟು ಚಿಕ್ಕ ಗಾಲಿಯೊಂದಿದೆ. ನೋಡುವವರ ಕಣ್ಣಿನ ನಂಬರಿಗೆ ಕಿಂಡಿಯನ್ನು ಹೊಂದಿಸುವುದು ಅದರ ಕೆಲಸ. ಅವನು ಅದನ್ನು ಉಗುರಿನಿಂದ ತಿರುಗಿಸಿ, ನಿಲ್ಲಿಸಿ, ಮತ್ತೆ ಸ್ವಲ್ಪ ತಿರುಗಿಸಿದ. ಅಂಗಡಿಯ ಮುಂದಿನ ಬೀದಿ ಅವನಿಗೆ ಚೊಕ್ಕವಾಗಿ ಕಂಡಿತು. ಆಮೇಲೆ ಆ ಗಾಲಿಯನ್ನು ಅವನು ಮರೆತ. ಹೊಂದಿಕೊಂಡದ್ದನ್ನು ಯಾರು ನೆನೆಯುತ್ತಾರೆ.

ಗುಳೇದಗುಡ್ಡ ಕುಪ್ಪಸದ ಖಣ ನೇಯುವ ಊರು. ಅವನ ಸ್ಟುಡಿಯೋ ಹಿಂದೊಮ್ಮೆ ಸಾಲು ಮಗ್ಗಗಳಿದ್ದ ಒಂದು ಉದ್ದನೆಯ ಕೋಣೆ. ಒಂದು ತುದಿಗೆ ಬೀದಿಬಾಗಿಲು, ಅದರ ಪಕ್ಕ ಕಂಪ್ಯೂಟರಿನ ಮೇಜು, ಇನ್ನೊಂದು ತುದಿಗೆ ನೀಲಿ ಪರದೆ, ಹಿಂದೆಯೇ ಮನೆ. ಮನೆಯಲ್ಲಿ ಅವನ ತಾಯಿ ಕಾಳವ್ವ. ನೇಕಾರರು ಖಣದ ತುಣುಕು ತಂದು ಫೋಟೋ ತೆಗೆಸುತ್ತಿದ್ದರು. ಕಪ್ಪು ಖಣಕ್ಕೆ ಅವನು ನನ್ನ ಬೆಳಕನ್ನು ಇಳಿಸುವನು, ಬಿಳಿಯದಕ್ಕೆ ಏರಿಸುವನು. ನನ್ನ ಹುಟ್ಟುಗುಣದ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ತಿದ್ದುತ್ತಿದ್ದ, ಅಷ್ಟೆ.

ಮದುವೆಗಳಲ್ಲಿ ಮಾತ್ರ ತೊಂದರೆ. ಮದುಮಗಳ ತಾಯಿ ಅವನ ಪಕ್ಕಕ್ಕೆ ಬಂದು ದನಿ ಇಳಿಸಿ, “ಹುಡುಗಿ ಒಂಚೂರು ಬೆಳ್ಳಗ ಬರೂ ಹಂಗ ಮಾಡಪಾ,” ಎನ್ನುವಳು. ಅವನು ತಲೆಯಾಡಿಸಿ, ಹುಡುಗಿ ಇದ್ದ ಹಾಗೆಯೇ ತೆಗೆಯುವನು. ಬೀದಿಯ ಆಚೆ ಬದಿಗೆ ಸ್ಟುಡಿಯೋ ಇಟ್ಟಿದ್ದ ರಾಜೇಸಾಬ ನದಾಫ ಅವನಿಗಿಂತ ಇಪ್ಪತ್ತು ವರ್ಷ ಹಿರಿಯ. ಅವನು ಪ್ರತಿ ಮದುಮಗಳಿಗೂ ಬೆಳಕು ಸುರಿಯುತ್ತಿದ್ದ. ಚಹಾ ಕುಡಿಯುವಾಗ ಇಬ್ಬರಿಗೂ ಅದೇ ಮಾತು.

“ಕಿರಾಣಿ ಅಂಗಡಿಯವರ ಮಗಳನ್ನ ಇದ್ದಂಗ ತಗದಿಯಂತ. ಅವರವ್ವ ನನ್ನ ಮುಂದ ಬಂದು ಅಳಾಕತ್ತಿದ್ಲು.”

“ನೀ ತಗದ ಮದಿಮಗಳು ಗ್ವಾಡಿಗೆ ನಿಂತ್ರ ಗ್ವಾಡಿ ಯಾವುದು, ಮದಿಮಗಳು ಯಾವುದು ತಿಳಿಯೂದಿಲ್ಲ ಕಾಕಾ.”

“ಗ್ವಾಡಿನ ಬೇಕಂತಾರಲ್ಲೋ ಮಂದಿ. ನಾ ಏನ ಮಾಡ್ಲಿ?”

ಮೌನೇಶ ನಗುವನು. ನಗುವಾಗ ಅವನು ಕನ್ನಡಕ ಮೇಲಕ್ಕೆ ದೂಡಿಕೊಳ್ಳುತ್ತಿದ್ದ.

ಅವನ ಮದುವೆಯ ಫೋಟೋ ತೆಗೆದವನೂ ರಾಜೇಸಾಬನೇ. ಬೇಡವೆಂದರೂ ಕೇಳದೆ, ನಾನೇ ತೆಗೆಯುತ್ತೇನೆಂದು ಪ್ರೀತಿಯಿಂದ ಬಂದ. ಹಣೆಗೆ ಬಾಸಿಂಗ, ಕೆನ್ನೆಯ ತನಕ ಹೂವಿನ ಎಳೆ. ಅದರ ಮೇಲೆ ರಾಜೇಸಾಬನ ಬೆಳಕು. ಆಲ್ಬಮ್ಮಿನಲ್ಲಿ ಮದುಮಗನ ಮುಖ ಇರಬೇಕಾದ ಕಡೆ ಎರಡು ಹುಬ್ಬು, ಒಂದು ಮೀಸೆ ಮಾತ್ರ ಉಳಿದಿದ್ದವು.

ಮದುಮಗಳು ಕಸ್ತೂರಿ. ಧಾರವಾಡದಲ್ಲಿ ಭೂಗೋಳದಲ್ಲಿ ಎಂ.ಎ. ಓದಿದವಳು. ಮಾತು ಕಡಿಮೆ. ಬಂದ ಹೊಸದರಲ್ಲಿ ಸ್ಟುಡಿಯೋದ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಮೇಜಿನ ಮೇಲಿರುತ್ತಿದ್ದೆ. ಕೆಳಗಿನಿಂದ ನೋಡಿದರೆ ಅವಳ ಗಲ್ಲ, ಮೂಗಿನ ತುದಿ ಕಾಣುತ್ತಿದ್ದವು. ಅವನು ಬಂದಾಗ ಆ ಗಲ್ಲ ಸ್ವಲ್ಪ ಮೇಲೇರುತ್ತಿತ್ತು.

ಅದೇ ವರ್ಷ ನನ್ನ ಲೆನ್ಸು ಕೆಟ್ಟಿತು. ಒಂದು ಮದುವೆಯ ಸುರಗಿ. ಮೂಲೆಗೊಂದು ತಂಬಿಗೆ ಇಟ್ಟು, ದಾರ ಸುತ್ತಿ, ಮದುಮಗಳನ್ನು ನಡುವೆ ಕೂರಿಸಿ ಅರಿಷಿಣದ ನೀರು ಎರೆಯುವ ಶಾಸ್ತ್ರ. ಅದು ಮುಗಿಯುತ್ತಲೇ ಹೆಣ್ಣುಮಕ್ಕಳು ಉಳಿದ ನೀರನ್ನು ಒಬ್ಬರ ಮೇಲೊಬ್ಬರು ಎರಚಿದರು. ಫೋಟೋದವನ ಮೇಲೂ ಎರಚಿದರು. ಲೆನ್ಸಿನ ಸಂದಿಗೆ ಅರಿಷಿಣ ಇಳಿಯಿತು. ಒಳಗಿನ ಮೋಟಾರು ಒಂದೆರಡು ದಿನ ಗುರ್ ಎಂದು ಸುಮ್ಮನಾಯಿತು. ಅಂದಿನಿಂದ ದೂರ ಹತ್ತಿರಗಳನ್ನು ನಾನೇ ಹೊಂದಿಸಿಕೊಳ್ಳಲಾರೆ. ಮೌನೇಶ ಲೆನ್ಸಿನ ಬಳೆಯನ್ನು ಕೈಯಿಂದ ತಿರುಗಿಸುವುದನ್ನು ರೂಢಿ ಮಾಡಿಕೊಂಡ. “ಕಣ್ಣು ಚೊಕ್ಕ ಬಂದ್ರ ಫೋಟೋ ಬಂತು,” ಎನ್ನುತ್ತಿದ್ದ. ಯಾರದೇ ಚಿತ್ರವಿರಲಿ, ಕಂಪ್ಯೂಟರಿನಲ್ಲಿ ಮೊದಲು ಕಣ್ಣನ್ನು ದೊಡ್ಡದು ಮಾಡಿ ನೋಡುತ್ತಿದ್ದ. ಕಣ್ಣು ಮಸುಕಾಗಿದ್ದರೆ ಚಿತ್ರವನ್ನು ಅಳಿಸುತ್ತಿದ್ದ.

ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅವನು ನನ್ನನ್ನು ಕಸ್ತೂರಿಯ ಕೈಗೆ ಕೊಟ್ಟು ಪರದೆಯ ಮುಂದೆ ಕುಳಿತ.

“ಮಂದೀದೆಲ್ಲ ತಗೀತೇನಿ. ನನ್ನದ್ಯಾರು ತಗೀತಾರ? ನೀ ತಗೀ.”

“ನನಗ ಬರೂದಿಲ್ಲ.”

“ಬಳಿ ತಿರುವು. ಚೊಕ್ಕ ಕಂಡಾಗ ಒತ್ತು. ಅಷ್ಟ.”

ಅವಳು ಕಿಂಡಿಗೆ ಕಣ್ಣಿಟ್ಟಳು. ಕಿಂಡಿ ಅವನ ಕಣ್ಣಿಗೆ ಹೊಂದಿಕೊಂಡಿತ್ತು. ಅವಳಿಗೆ ಎಲ್ಲವೂ ನೀರಿನೊಳಗೆ ಇದ್ದಂತೆ ಕಂಡಿರಬೇಕು. ಬಳೆಯನ್ನು ಆ ಕಡೆ ಈ ಕಡೆ ತಿರುಗಿಸಿದಳು, ಬಹಳ ಹೊತ್ತು ತಿರುಗಿಸಿದಳು. ಕ್ಯಾಮೆರಾ ಹೀಗೆಯೇ ಕಾಣುತ್ತದೆ ಎಂದುಕೊಂಡು ಒತ್ತಿದಳು. ಅವಳ ಕಣ್ಣಿಗೆ ಸರಿ ಎನಿಸಿದ್ದು ನನ್ನೊಳಗೆ ಸರಿಯಿರಲಿಲ್ಲ.

ಅವನು ನೋಡಿ ನಕ್ಕ. “ಚೊಲೊ ಬಂದೈತಿ. ಕನಸಿನ್ಯಾಗಿನ ಗಂಡನ ಹಂಗ.”

“ಅಳಸ್ರಿ ಅದನ್ನ.”

“ಇರ್ಲಿ ಬಿಡು. ಮುಂದ ಕಲಸ್ತೇನಿ.”

ಅಳಿಸಲಿಲ್ಲ. ಕಲಿಸಲೂ ಇಲ್ಲ. ಹಂಗಾಮು ಬಂತು, ಮದುವೆಗಳು ಬಂದವು.

ಅದು ಕಬ್ಬು ಕಡಿಯುವ ಕಾಲವೂ ಹೌದು. ಕೆರೂರಿನ ಕಡೆ ಒಂದು ಮದುವೆ ಮುಗಿಸಿ ಅವನು ಬೈಕಿನಲ್ಲಿ ಬರುತ್ತಿದ್ದ. ಹೊತ್ತು ಮುಳುಗಿತ್ತು. ರಸ್ತೆಯಲ್ಲಿ ಕಬ್ಬು ತುಂಬಿದ ಟ್ರೇಲರೊಂದು ಹಿಂದೆ ದೀಪವಿಲ್ಲದೆ ನಿಂತಿತ್ತು. ನಾನು ಚೀಲದೊಳಗಿದ್ದೆ. ಲೆನ್ಸಿಗೆ ಮುಚ್ಚಳ ಹಾಕಿತ್ತು. ಏನೂ ನೋಡಲಿಲ್ಲ. ಒಂದು ಶಬ್ದ. ಆಮೇಲೆ ಕಬ್ಬಿನ ರವದಿಯ ಒಣ ಎಲೆ ಗಾಳಿಗೆ ಸರಸರ ಎನ್ನುತ್ತಿತ್ತು.

ಯಾರೋ ಚೀಲವನ್ನು ಮನೆಗೆ ತಲುಪಿಸಿದರು. ಕಸ್ತೂರಿ ಅದನ್ನು ತೆರೆದಳು. ನನ್ನ ಮೈಮೇಲೆ ಒಂದು ಗೀರೂ ಇರಲಿಲ್ಲ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು.

ಗೋಡೆಗೆ ಹಾಕಲು ಫೋಟೋ ಬೇಕಿತ್ತು. ಆಗ ನಮ್ಮ ಕಡೆ ಎಲ್ಲರ ಕೈಗೂ ಕ್ಯಾಮೆರಾದ ಫೋನು ಬಂದಿರಲಿಲ್ಲ. ಅವನ ವೋಟಿನ ಕಾರ್ಡಿನಲ್ಲಿದ್ದವನು ಇನ್ನೂ ಮೀಸೆ ಬಾರದ ಹುಡುಗ, ಅದೂ ಮಸಿ ಬಳಿದಂತೆ. ಮದುವೆಯ ಆಲ್ಬಮ್ಮಿನಲ್ಲಿ ಹುಬ್ಬು, ಮೀಸೆ. ಉಳಿದದ್ದು ಕಸ್ತೂರಿ ತೆಗೆದದ್ದೊಂದೇ. ರಾಜೇಸಾಬ ಅದನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ತಾನೇ ಹೊತ್ತು ತಂದ. ಕೊಡುವಾಗ ತಲೆ ತಗ್ಗಿಸಿದ್ದ.

“ಇದಕ್ಕಿಂತ ಚೊಕ್ಕ ಮಾಡಾಕ ಬರ್ಲಿಲ್ಲ ಯವ್ವಾ. ಫೋಟೋದಾಗ ಇರಲಾರದ್ದನ್ನ ನಾ ಎಲ್ಲಿಂದ ತರ್ಲಿ?”

ಕಾಳವ್ವ ಹತ್ತಿರ ಹೋಗಿ ನೋಡಿದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೈಯಿಂದ ಗಾಜನ್ನು ಒರೆಸಿದಳು. ಮತ್ತೆ ನೋಡಿದಳು.

“ಯಾರಿವ?”

“ಅವರ, ಅತ್ತೀ.”

“ಅಲ್ಲ. ಮಾರಿನ ಇಲ್ಲ ಇದಕ್ಕ. ಮಾರಿ ಇದ್ದದ್ದು ಹಾಕು.”

“ಬ್ಯಾರೆ ಇಲ್ಲ.”

“ಊರ ಮಂದೀನ್ನೆಲ್ಲ ತಗದಾನ. ಅವನದೊಂದು ಇಲ್ಲಂದ್ರ?”

ಕಾಳವ್ವ ಆ ಫೋಟೋದ ಮುಂದೆ ದೀಪ ಹಚ್ಚಲಿಲ್ಲ. ಗುರುತಿಲ್ಲದವರಿಗೆ ಹೇಗೆ ಹಚ್ಚಲಿ ಎಂದಳು. ದೀಪವನ್ನು ಕಸ್ತೂರಿಯೇ ಹಚ್ಚುತ್ತಿದ್ದಳು. ಹಚ್ಚಿ, ಫೋಟೋದ ಕಡೆ ನೋಡದೆ ಬರುತ್ತಿದ್ದಳು.

ಆಮೇಲೆ ಅವಳು ಹುಡುಕಲು ಶುರುಮಾಡಿದಳು. ಅವನ ಮುಖ ಸ್ಪಷ್ಟವಾಗಿರುವ ಒಂದು ಫೋಟೋ. ಅವಳು ಬೇರೆ ಏನನ್ನೂ ಕೇಳಲಿಲ್ಲ. ಗೆಳೆಯರನ್ನು, ನೆಂಟರನ್ನು ಕೇಳಿದಳು. ಮದುವೆ ವಿಡಿಯೋ ಮಾಡುವವರ ಹತ್ತಿರ ಹೋಗಿ ಕುಳಿತು ನೋಡಿದಳು. ವಿಡಿಯೋದಲ್ಲಿ ಅವನ ಬೆನ್ನಿತ್ತು, ಮೊಣಕೈ ಇತ್ತು. ಒಂದರಲ್ಲಿ ಅವನು ತಿರುಗುವಷ್ಟರಲ್ಲಿ ಯಾರೋ ಹಣ್ಣಿನ ಬುಟ್ಟಿ ಹೊತ್ತು ಅಡ್ಡ ಬಂದಿದ್ದರು.

ಸ್ಟುಡಿಯೋ ಬಾಗಿಲು ತೆರೆಯಬೇಕಾಯಿತು. ಮದುವೆಗಳಿಗೆ ಅವಳನ್ನು ಯಾರೂ ಕರೆಯಲಿಲ್ಲ. ಗಂಡ ಸತ್ತವಳು ಮುಹೂರ್ತಕ್ಕೆ ಎದುರು ನಿಲ್ಲುವುದುಂಟೆ? ಯಾರೂ ಹಾಗೆ ಬಾಯಿಬಿಟ್ಟು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅರ್ಜಿಗೆ, ಪರೀಕ್ಷೆಗೆ ಅಂಟಿಸುವ ಸಣ್ಣ ಫೋಟೋ ತೆಗೆಯುತ್ತೇನೆಂದು ಕುಳಿತಳು. ಮೊದಲು ಬಂದವಳು ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕುವ ಒಬ್ಬ ಹೆಂಗಸು. ಫೋಟೋ ಕೈಗೆ ಬಂದ ಮೇಲೆ ತಿರುವಿ ನೋಡಿದಳು.

“ಅಕ್ಕಾರ, ಇದು ನಾನ ಏನ್ರೀ?”

ಕಸ್ತೂರಿ ಮತ್ತೆ ತೆಗೆದಳು. ಬಳೆಯನ್ನು ಉಸಿರು ಹಿಡಿದು ತಿರುಗಿಸಿದಳು. ಮತ್ತೆ ಹಾಗೆಯೇ ಬಂತು. ಮೇಜಿನ ಮೇಲೆ ನನ್ನನ್ನು ಊರಿ ತೆಗೆದಳು. ಬೆಳಕು ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು. ಲೆನ್ಸಿನ ಗಾಜನ್ನು ಹತ್ತಿಯಿಂದ ಒರೆಸಿದಳು. ಬಂದವರು ಒಳ್ಳೆಯವರು. “ಇರ್ಲಿ ಬಿಡ್ರಿ ಅಕ್ಕಾರ,” ಎಂದು ಹೇಳಿ, ಬೀದಿ ದಾಟಿ ರಾಜೇಸಾಬನ ಸ್ಟುಡಿಯೋಗೆ ಹೋಗುತ್ತಿದ್ದರು.

ರಾಜೇಸಾಬನೇ ಒಂದು ದಿನ ಬಂದ. ತನ್ನ ಕನ್ನಡಕವನ್ನು ಹಣೆಗೆ ಏರಿಸಿ, ಕಿಂಡಿಗೆ ಕಣ್ಣಿಟ್ಟು, ಗೋಡೆಯ ಕ್ಯಾಲೆಂಡರಿನ ಫೋಟೋ ತೆಗೆದ. ಅಕ್ಷರ ಅಕ್ಷರವೂ ಸ್ಪಷ್ಟವಾಗಿ ಬಂತು.

“ಕ್ಯಾಮೆರಾ ಚೊಲೊ ಐತಿ ಯವ್ವಾ. ನಿನ್ನ ಕೈ ನಡಗಾಕತ್ತಾವು. ಇನ್ನಷ್ಟು ದಿನಾ ಹೋಗ್ಲಿ.”

ವಯಸ್ಸಾಗಿ ಅವನ ಕಣ್ಣಿನ ನಂಬರು ಮೌನೇಶನದಕ್ಕೆ ಹತ್ತಿರ ಬಂದಿತ್ತು. ಅದು ಅವನಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ನನಗೆ ಗೊತ್ತಿತ್ತು. ನನಗೆ ಬಾಯಿಲ್ಲ.

ಅವನು ಹೋದ ಮೇಲೆ ಕಸ್ತೂರಿ ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿಟ್ಟಳು. ಅವು ನಡುಗುತ್ತಿರಲಿಲ್ಲ. ಅವಳಿಗೆ ನಂಬಿಕೆ ಬರಲಿಲ್ಲ.

“ಅವರದು ಒಂದ ತಗದೆ,” ಎಂದಳು, ಪಕ್ಕದಲ್ಲಿ ಕುಳಿತಿದ್ದ ಕಾಳವ್ವನಿಗೆ. “ಅದನ್ನೂ ಕೆಡಿಸಿದೆ.”

ಕೆಡಿಸಿಲ್ಲ ಎಂದು ಹೇಳಲು ಕಾಳವ್ವನಿಗೂ ಬಾಯಿ ಬರಲಿಲ್ಲ.

ನನ್ನನ್ನು ರಾಜೇಸಾಬನಿಗೆ ಕೊಟ್ಟುಬಿಡುವುದೆಂದು ಕಸ್ತೂರಿ ತೀರ್ಮಾನಿಸಿದಳು. ಒಂದು ಬೆಳಗ್ಗೆ ನನ್ನ ಡಬ್ಬಿಯನ್ನು ಅಟ್ಟದಿಂದ ಇಳಿಸಿದಳು. ಡಬ್ಬಿಯಲ್ಲಿ ಲೆನ್ಸಿಗೊಂದು ಗೂಡು, ನನಗೊಂದು ಗೂಡು. ಆದ್ದರಿಂದ ಲೆನ್ಸನ್ನು ತಿರುಗಿಸಿ ಬಿಚ್ಚಿದಳು. ಬರಿ ಮೈಯ ನನ್ನನ್ನು ಕೈಯಲ್ಲಿ ಹಿಡಿದಳು. ಇನ್ನೊಮ್ಮೆ ನೋಡೋಣವೆಂದೋ ಏನೋ, ಕಿಂಡಿಗೆ ಕಣ್ಣಿಟ್ಟು ಬಾಗಿಲಿನ ಕಡೆ ಹಿಡಿದಳು.

ಲೆನ್ಸಿಲ್ಲದ ನನ್ನೊಳಗೆ ಯಾವ ಚಿತ್ರವೂ ಇರುವುದಿಲ್ಲ. ಬರೀ ಬಿಳಿ ಬೆಳಕು. ಅದರ ಕೆಳಗೆ ನಾನು ಬೆಳಗಿಸುವ ಒಂದಿಷ್ಟು ಹಸಿರು ಅಂಕಿಗಳು. ಆ ಅಂಕಿಗಳು ಅವಳಿಗೆ ಮಸುಕಾಗಿ ಕಂಡವು.

ಅವಳು ಕಣ್ಣು ಉಜ್ಜಿಕೊಂಡಳು. ಮತ್ತೆ ನೋಡಿದಳು. ನನ್ನನ್ನು ಕೆಳಗಿಟ್ಟಳು, ಎತ್ತಿಕೊಂಡಳು. ಲೆನ್ಸೇ ಇಲ್ಲ. ತಿರುಗಿಸಲು ಬಳೆಯಿಲ್ಲ. ನಡುಗಿ ಕೆಡಿಸಲು ಎದುರಿಗೆ ಯಾರೂ ಇಲ್ಲ. ಆದರೂ ಮಸುಕು. ಅಂದಮೇಲೆ ಅದು ಕಿಂಡಿಯದು.

ಅವಳು ಕಿಂಡಿಯ ಸುತ್ತ ಬೆರಳಾಡಿಸಿದಳು. ಗಾಲಿ ಸಿಕ್ಕಿತು. ಒಂದು ಹಲ್ಲು ತಿರುಗಿಸಿ ನೋಡಿದಳು. ಅಂಕಿಗಳ ಅಂಚು ಒಂದಿಷ್ಟು ಗಟ್ಟಿಯಾಯಿತು. ಅಲ್ಲಿಗೆ ಅವಳ ಬೆರಳು ನಿಂತಿತು. ಅವನು ಕನ್ನಡಕ ತೆಗೆದು ಜೇಬಿಗೆ ಸಿಕ್ಕಿಸಿ ಕಿಂಡಿಗೆ ಕಣ್ಣಿಡುತ್ತಿದ್ದುದನ್ನು ಅವಳು ನೆನೆದಳೆಂದು ನನಗೆ ತಿಳಿಯಿತು. ಏಕೆಂದರೆ ಅವಳು ಮೆಲ್ಲಗೆ, “ಇದು ಅವರ ಕಣ್ಣು,” ಎಂದಳು. ಮನೆಯೊಳಗೆ ಅವನ ಅಂಗಿಗಳಿದ್ದವು, ಕನ್ನಡಕವಿತ್ತು. ಅವನು ನೋಡುತ್ತಿದ್ದ ರೀತಿ ಮಾತ್ರ ನನ್ನಲ್ಲಿತ್ತು. ತಿರುಗಿಸಿದರೆ ಹೋಗುತ್ತದೆ.

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳು ಮಿಕ್ಕ ಹಲ್ಲುಗಳನ್ನೂ ತಿರುಗಿಸಿದಳು. ಮೊದಲು ಎಲ್ಲಿತ್ತು ಎಂದು ಗುರುತು ಮಾಡಿಕೊಳ್ಳಲಿಲ್ಲ.

ಆಮೇಲೆ ಲೆನ್ಸನ್ನು ಮತ್ತೆ ಸಿಕ್ಕಿಸಿ, ಒಳಗೆ ಹೋಗಿ ಅತ್ತೆಯ ಮುಂದೆ ನಿಂತಳು. ನಾನು ಅವಳ ಕೊರಳಲ್ಲಿದ್ದೆ.

“ಅತ್ತೀ, ನನ್ನ ಕೈ ಅಲ್ಲ ಅದು.”

“ಯಾವುದವಾ?”

“ಆ ಫೋಟೋ. ನನ್ನ ಕೈ ಕೆಡಿಸಿದ್ದಲ್ಲ.”

“ಮತ್ತ ಯಾರ ಕೈ?”

“ಯಾರದೂ ಅಲ್ಲ.”

ಕಾಳವ್ವ ಸೊಸೆಯ ಕಡೆ ನೋಡಿದಳು. ಎಷ್ಟು ಕಂಡಿತೋ ತಿಳಿಯದು. “ಬಾ, ಕುಂದರು,” ಎಂದಳು. ಕಸ್ತೂರಿ ಕೂರಲಿಲ್ಲ. ಅತ್ತೆಯನ್ನು ಎಬ್ಬಿಸಿ, ಬೀದಿಬಾಗಿಲಿನ ಬೆಳಕಿಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿದಳು.

“ನಾ ಯಾಕ? ಮಂದೀದು ತಗೀ. ಸಾಯಾಕ ಇನ್ನಾ ಟೈಮ್ ಐತಿ ನನಗ.”

“ಸುಮ್ಮ ಕುಂದರ್ರಿ. ನನ್ನ ಕಡೆ ನೋಡ್ರಿ.”

“ಎಲ್ಲಿ ಅದಿ ನೀ? ಕರ್ರಗ ಏನೋ ಕಾಣತೈತಿ.”

“ಅದನ್ನ ನೋಡ್ರಿ.”

ಅವಳು ಬಳೆ ತಿರುಗಿಸಿದಳು. ಈ ಸಲ ಅವಳ ಕೈ ತಡಕಾಡಲಿಲ್ಲ. ಒಂದು ಕಡೆ ಬಂದು ನಿಂತಿತು. ಕನ್ನಡಿ ಎದ್ದಿತು, ಬಿದ್ದಿತು. ಕಾಳವ್ವನ ಮುಖ ನನ್ನೊಳಗೆ ಇಳಿಯಿತು, ಒಂದೊಂದು ಗೆರೆಯೂ.

ಕಂಪ್ಯೂಟರಿನ ಮುಂದೆ ಅವಳು ಅವನಂತೆಯೇ ಮಾಡಿದಳು. ಮೊದಲು ಕಣ್ಣನ್ನು ದೊಡ್ಡದು ಮಾಡಿದಳು. ರೆಪ್ಪೆಯ ಕೂದಲು ಎಣಿಸುವಂತಿತ್ತು. ಇನ್ನೂ ದೊಡ್ಡದು ಮಾಡಿದಳು. ಪೊರೆ ಬಂದ ಆ ಕಣ್ಣಿನ ತೇವದ ಮೇಲೆ ಬೀದಿಬಾಗಿಲು ಬಿಳಿಯ ಚೌಕವಾಗಿ ಮೂಡಿತ್ತು. ಚೌಕದ ಅಂಚಿನಲ್ಲಿ ಒಬ್ಬಳು ನಿಂತಿದ್ದಳು. ಸೀರೆಯ ಸೆರಗು, ಎತ್ತಿದ ಎರಡು ಮೊಣಕೈ. ಮುಖವಿರುವ ಕಡೆ ಕಪ್ಪು ಚುಕ್ಕೆ. ಆ ಚುಕ್ಕೆ ನಾನು. ನನ್ನನ್ನು ನಾನು ನೋಡಿದ್ದು ಅದೇ ಮೊದಲು.

ಕಸ್ತೂರಿ ಕೈ ಬಾಯಿಗೆ ಒತ್ತಿಕೊಂಡು ಅದನ್ನೇ ನೋಡಿದಳು. ಆಮೇಲೆ ಎದ್ದು, ಮೌನೇಶ ತೆಗೆದ ಫೋಟೋಗಳಿದ್ದ ಡಬ್ಬಿಯಿಂದ ಸಿ.ಡಿ.ಗಳನ್ನೆಲ್ಲ ಮೇಜಿನ ಮೇಲೆ ಸುರಿದಳು.

ಅವನು ಚೊಕ್ಕ ಬಾರದ ಕಣ್ಣನ್ನು ಉಳಿಸಿರಲಿಲ್ಲ. ಕಿರಾಣಿ ಅಂಗಡಿಯವರ ಮಗಳ ಕಣ್ಣು, ಅವಳ ಗಂಡನ ಕಣ್ಣು. ಖಣದ ವ್ಯಾಪಾರಿಯ ಕಣ್ಣು. ಶಾಲೆ ಬಿಟ್ಟುಹೋಗುವ ಹೆಡ್ಮಾಸ್ತರರ ಕಣ್ಣು. ಒಂದೊಂದನ್ನೂ ಅವಳು ದೊಡ್ಡದು ಮಾಡಿದಳು. ಒಂದೊಂದರಲ್ಲೂ ಅವನಿದ್ದ. ಬಾಗಿಲ ಮುಂದೆ, ಮಂಟಪದ ಕೆಳಗೆ, ಮರದ ನೆರಳಲ್ಲಿ. ಅವನ ತೆಳ್ಳನೆಯ ಕಾಲು, ಒಂದು ಕಡೆ ವಾಲಿದ ಹೆಗಲು. ಊರಿನ ಎಲ್ಲರ ಕಣ್ಣಿನಲ್ಲೂ ಅವನು ನಿಂತಿದ್ದ. ಎಲ್ಲದರಲ್ಲೂ ಅವನ ಮುಖದ ಮುಂದೆ ನಾನಿದ್ದೆ.

ಹಲವು ದಿನ ಹೀಗೆ ನಡೆಯಿತು. ಗಿರಾಕಿ ಬಂದರೆ ಏಳುವಳು, ಫೋಟೋ ತೆಗೆಯುವಳು. ಈಗ ಬಂದವರು ಬೀದಿ ದಾಟುತ್ತಿರಲಿಲ್ಲ. ಅವರು ಹೋದ ಮೇಲೆ ಮತ್ತೆ ಕೂರುವಳು. ನಾನು ಮೇಜಿನ ಮೇಲಿಂದ ಅವಳ ಗಲ್ಲವನ್ನು ನೋಡುತ್ತಿದ್ದೆ. ಪ್ರತಿ ಕಣ್ಣು ದೊಡ್ಡದಾದಾಗ ಅದು ಒಂದಿಷ್ಟು ಮುಂದೆ ಬರುವುದು, ಆಮೇಲೆ ಹಿಂದೆ ಸರಿಯುವುದು. ಅವನ ಕೈಯಲ್ಲಿ ಇದ್ದಷ್ಟು ಕಾಲವೂ ನಾನು ಅವನಿಗೆ ಬೇಕಾದವನೆಂದು ಹಿಗ್ಗಿದ್ದೆ. ಈಗ ಆ ಮುಖದ ಮುಂದಿನಿಂದ ಒಂದೇ ಒಂದು ಸಲ ಸರಿದಿದ್ದರೆ ಎನಿಸುತ್ತಿತ್ತು.

ಒಂದು ಸಂಜೆ ಒಂದು ಕೂಸಿನ ಫೋಟೋ ಬಂತು. ಮೊದಲ ಹುಟ್ಟುಹಬ್ಬದ್ದು. ಆ ದಿನ ನನಗೆ ನೆನಪಾಯಿತು. ಕೂಸು ಅಳುತ್ತಿತ್ತು. ಮೌನೇಶ ನನ್ನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು, ಗುಂಡಿ ಒತ್ತುವ ವೈರನ್ನು ಕೂಸಿನ ಅಪ್ಪನ ಕೈಗೆ ಕೊಟ್ಟು, ಪಕ್ಕಕ್ಕೆ ಬಂದು ಕುಣಿದಿದ್ದ.

ಕಸ್ತೂರಿ ಆ ಕಣ್ಣನ್ನು ದೊಡ್ಡದು ಮಾಡಿದಳು. ಕಪ್ಪು ಚುಕ್ಕೆ ಒಂದು ಕಡೆ, ತನ್ನ ಮೂರು ಕಾಲಿನ ಮೇಲೆ ಒಂಟಿಯಾಗಿ ನಿಂತಿತ್ತು. ಅದರ ಪಕ್ಕದಲ್ಲಿ ಅವನು. ಅವನ ಮುಂದೆ ಯಾರೂ ಇರಲಿಲ್ಲ. ಅವಳು ಇನ್ನೂ ದೊಡ್ಡದು ಮಾಡಿದಳು. ಅವನು ಒಡೆದ. ಕಂದು ಚೌಕ, ಬಿಳಿ ಚೌಕ, ಬೂದಿ ಚೌಕ. ಎಷ್ಟು ಹಿಗ್ಗಿಸಿದರೆ ಅಷ್ಟೇ ದೊಡ್ಡ ಚೌಕಗಳು. ಕಣ್ಣಿಲ್ಲ, ಮೂಗಿಲ್ಲ. ಅವಳು ಕಂಪ್ಯೂಟರಿನ ಪರದೆಗೆ ಹಣೆ ತಾಗುವಷ್ಟು ಬಾಗಿದಳು. ಬೆರಳಿನಿಂದ ಒಂದು ಚೌಕವನ್ನು ಮುಟ್ಟಿದಳು. ಆಮೇಲೆ ಕೈ ಬಿಟ್ಟಳು.

ಕಾಳವ್ವ ಚಹಾ ತೆಗೆದುಕೊಂಡು ಬಂದಳು. ಕೋಣೆಯ ಆ ತುದಿಯ ಮನೆಬಾಗಿಲಲ್ಲಿ, ಮೆಟ್ಟಿಲು ತಡವಲು ನಿಂತವಳು ಅಲ್ಲಿಯೇ ನಿಂತಳು.

“ಏನ ಮಂಗ್ಯಾನಾಟ ಹಚ್ಚ್ಯಾನ ಇವ?”

“ಯಾರು, ಅತ್ತೀ?”

“ಯಾರಂದ್ರ? ಮೌನೇಶ. ಎರಡೂ ಕಿವಿ ಹಿಡಕೊಂಡು ಹಲ್ಲ ಕಿಸದಾನಲ್ಲ.”

ಕಸ್ತೂರಿ ತಿರುಗಿ ಪರದೆಯನ್ನು ನೋಡಿದಳು. ಚೌಕಗಳು. ಅತ್ತೆಯನ್ನು ನೋಡಿದಳು. ಆ ಮುದುಕಿಯ ಪೊರೆಗಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು, ಲೋಟದ ಚಹಾ ತುಳುಕುತ್ತಿತ್ತು. ಕಸ್ತೂರಿ ಎದ್ದು, ಆ ಉದ್ದನೆಯ ಕೋಣೆಯನ್ನು ದಾಟಿ ಅವಳ ಪಕ್ಕಕ್ಕೆ ಹೋದಳು. ಅಲ್ಲಿಂದ ತಿರುಗಿದಳು.

ಅಷ್ಟು ದೂರಕ್ಕೆ ಚೌಕಗಳ ಅಂಚು ಕಾಣುವುದಿಲ್ಲವಂತೆ. ಒಂದಕ್ಕೊಂದು ಸೇರಿಬಿಡುತ್ತವಂತೆ. ಹಾಗೆಂದು ಆಮೇಲೆ ಅವಳು ರಾಜೇಸಾಬನಿಗೆ ಹೇಳುವುದನ್ನು ಕೇಳಿದ್ದೇನೆ. ಆಗ ಅವಳು ಗೋಡೆಗೆ ಒರಗಿ ಕೆಳಗೆ ಕುಳಿತಳು. ಮೌನೇಶ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಂದು ನೋಡಿದೆ.

ಸ್ವಲ್ಪ ಹೊತ್ತಿಗೆ ಅವಳು ಎದ್ದು ಕಂಪ್ಯೂಟರಿನ ಹತ್ತಿರ ಬರತೊಡಗಿದಳು. ಒಂದು ಹೆಜ್ಜೆ ಇಡುವಷ್ಟರಲ್ಲಿ ಕಾಳವ್ವ ಸೆರಗು ಹಿಡಿದು ಎಳೆದಳು.

“ಸನ್ಯಾಕ ಹೋಗಬ್ಯಾಡ. ಇಲ್ಲೇ ನಿಂದರು.”

ರಾಜೇಸಾಬ ಆ ಚೌಕಗಳ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ತಂದುಕೊಟ್ಟ. ನೀಲಿ ಪರದೆ ಪಕ್ಕಕ್ಕೆ ಸರಿಯಿತು. ಆ ತುದಿಯ ಗೋಡೆಯ ಮೇಲೆ ಅದನ್ನು ಹಾಕಿದರು. ಹಾರ ಹಾಕಲು ಹೋದಾಗ ಕಾಳವ್ವ ಬೇಡವೆಂದಳು. “ಕೂಸನ್ನ ನಗಸಾಕತ್ತಾನ. ಹಾರ ಯಾಕ?” ಎಂದಳು. ಹಳೆಯ ಮಸುಕು ಫೋಟೋವನ್ನು ಕಸ್ತೂರಿ ತೆಗೆಯಲಿಲ್ಲ. ಅದು ಒಳಗೆ, ಇದ್ದಲ್ಲಿಯೇ ಇದೆ. ಈಗ ಅದರ ಮುಂದೆ ದೀಪ ಹಚ್ಚುವವರು ಯಾರೆಂದು ನನಗೆ ಇಲ್ಲಿಂದ ಕಾಣುವುದಿಲ್ಲ.

ವರ್ಷಗಳು ಆದವು. ನನ್ನೊಳಗಿನ ಕನ್ನಡಿ ಒಂದು ದಿನ ಮೇಲೆದ್ದದ್ದು ಕೆಳಗೆ ಬರಲಿಲ್ಲ. ರಿಪೇರಿಗೆ ಕೊಡುವ ವಯಸ್ಸು ಮೀರಿತ್ತು. ಕಸ್ತೂರಿ ಹೊಸ ಕ್ಯಾಮೆರಾ ತಂದಿದ್ದಾಳೆ. ಅದು ದೂರ ಹತ್ತಿರಗಳನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಮುಖ ಎಲ್ಲಿದೆ ಎಂದು ತಾನೇ ಹುಡುಕುತ್ತದೆ. ನನ್ನನ್ನು ಗೂಡಿನಲ್ಲಿ ಇಟ್ಟಿದ್ದಾರೆ, ಅದೇ ಗೋಡೆಯಲ್ಲಿ, ಅವನ ಫೋಟೋದ ಕೆಳಗೆ, ಬೀದಿಬಾಗಿಲಿಗೆ ಮುಖ ಮಾಡಿ. ಸವೆದ ಮೈಯನ್ನು ಅವಳು ಆಗಾಗ ಒರೆಸುತ್ತಾಳೆ.

ಫೋಟೋ ತೆಗೆಸಲು ಬಂದವರು ನನ್ನ ಹತ್ತಿರಕ್ಕೆ ಬಂದು, ಮೇಲೆ ನೋಡಿ ಕೇಳುತ್ತಾರೆ.

“ಇದೇನ್ರಿ ಅಕ್ಕಾರ, ತ್ಯಾಪಿ ಹಚ್ಚಿದ ಕೌದಿ ಫೋಟೋ ಹಾಕೀರಿ?”

“ಹೂಂ,” ಎನ್ನುತ್ತಾಳೆ ಕಸ್ತೂರಿ.

ಅವಳು ಅವರ ಫೋಟೋ ತೆಗೆಯುತ್ತಾಳೆ. ಅವರು ಹೋಗುತ್ತಾರೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೇಜಿನ ಹತ್ತಿರದ ಕುರ್ಚಿಯನ್ನು ಬಿಟ್ಟು, ಫೋಟೋದಿಂದ ತೀರ ದೂರಕ್ಕೆ, ಬೀದಿಬಾಗಿಲ ಹೊಸ್ತಿಲಿಗೆ ಹೋಗಿ ಕೂರುತ್ತಾಳೆ. ಬೀದಿಗೆ ಬೆನ್ನು ಮಾಡಿ, ಮೊಣಕಾಲಿಗೆ ಕೈ ಕಟ್ಟಿಕೊಂಡು, ನನ್ನ ತಲೆಯ ಮೇಲೆ ಎಲ್ಲಿಯೋ ನೋಡುತ್ತಾಳೆ.

ನಾನು ಅವನಿಗೆ ತೀರ ಹತ್ತಿರವಿದ್ದೇನೆ. ನನಗೆ ಅವನು ಕಾಣುವುದಿಲ್ಲ. ಅವಳು ಕಾಣುತ್ತಾಳೆ.